ಆರಿಸಿ ತೆಗೆದ ಕಡಲೆಕಾಯಿಬೀಜ

ಜಯನಗರದಲ್ಲಿ ಅಲರ್ಜಿ ಎಂಬ ಮಾತನ್ನು ಬಾಯಿತಪ್ಪಿಯೂ ಆಡಬಾರದು. ಆಡಿದ ಮರುಗಳಿಗೆ ಎದುರಿಗಿದ್ದವರು ವೈದ್ಯರಾಗಿಬಿಡುತ್ತಾರೆ. ನನ್ನ ಮಗಳಿಗೆ ಕಡಲೆಕಾಯಿಬೀಜ ಆಗುವುದಿಲ್ಲ ಎಂದು ಗೊತ್ತಾದಾಗ ಅವಳಿಗೆ ನಾಲ್ಕು ವರ್ಷ. ಒಂದು ಬೀಜ ಬಾಯಿಗೆ ಬಿದ್ದರೆ ಸಾಕು, ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಇದನ್ನು ಪಾರ್ಕಿಗೆ ವಾಕಿಂಗ್ ಬರುವ ನಿವೃತ್ತರ ಮುಂದೆ ಹೇಳಿ ಕೆಟ್ಟೆ.

ಒಬ್ಬರು ಅರಿಸಿನದ ಹಾಲು ಎಂದರು. ಇನ್ನೊಬ್ಬರು ಬರೀ ಹೊಟ್ಟೆಗೆ ಬೇವಿನ ಚಿಗುರು ಎಂದರು. "ನಮ್ ಕಾಲದಲ್ಲಿ ಇವೆಲ್ಲ ಇತ್ತೇನ್ರೀ? ನೀವು ಮಗೂನ ಗಾಜಿನ ಬೊಂಬೆ ಥರ ಸಾಕ್ತಿದೀರಿ" ಎಂದು ಮೂರನೆಯವರು ನಕ್ಕರು. ಅವರ ಕಾಲದಲ್ಲಿ ಇಂಥ ಮಗು ಸತ್ತರೆ ದೃಷ್ಟಿ ತಾಕಿತು ಎನ್ನುತ್ತಿದ್ದರು, ಅಷ್ಟೇ ವ್ಯತ್ಯಾಸ.

ಅಳಲೆಕಾಯಿ ಪಂಡಿತರನ್ನು ಬೈಯುವ ನಾನೂ ಅವರ ಬಾಗಿಲಿಗೆ ಹೋಗದೆ ಉಳಿದವನಲ್ಲ. ಹೆಂಡತಿ ಹೆದರಿದ್ದಳು, ನಾನೂ ಹೆದರಿದ್ದೆ. ಜೆ.ಪಿ. ನಗರದಲ್ಲಿ ಒಬ್ಬರು ಮಗುವಿಗೆ ಎಂಥ ಕನಸು ಬೀಳುತ್ತದೆ, ನಾಯಿ ಕಂಡರೆ ಭಯವೇ ಎಂದೆಲ್ಲ ಬರೆದುಕೊಂಡು ಬಿಳಿ ಗುಳಿಗೆ ಕೊಟ್ಟರು. ಸಿಹಿಯಾಗಿತ್ತು, ಮಗಳು ಕೇಳಿ ಕೇಳಿ ತಿಂದಳು. ಬಿ.ಟಿ.ಎಂ. ಲೇಔಟಿನ ಮಹಾಶಯನದು ಇನ್ನೂ ಚೆಂದ. ಕಡಲೆಕಾಯಿಬೀಜದ ಪುಡಿ ತುಂಬಿದ ಮುಚ್ಚಿದ ಸೀಸೆಯನ್ನು ಅವಳ ಒಂದು ಕೈಗೆ ಕೊಟ್ಟು, ಚಾಚಿದ ಇನ್ನೊಂದು ಕೈಯನ್ನು ಒತ್ತಿದ. ಕೈ ಕೆಳಗಿಳಿಯಿತು, ಅದೇ ಅಲರ್ಜಿಯ ಗುರುತಂತೆ. ಬೆನ್ನ ಮೇಲೆ ನಾಲ್ಕು ಸಲ ತಟ್ಟಿ ಮತ್ತೆ ಒತ್ತಿದ. ಇಳಿಯಲಿಲ್ಲ. "ಕ್ಲಿಯರ್ ಆಯ್ತು ಸಾರ್, ಇನ್ಮೇಲೆ ಏನ್ ಬೇಕಾದ್ರೂ ತಿನ್ಬೋದು" ಎಂದ. ಎರಡನೆಯ ಸಲ ಅವನು ಮೆಲ್ಲಗೆ ಒತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಕೊನೆಗೆ ಅಲರ್ಜಿಯನ್ನೇ ಓದಿದ ಡಾಕ್ಟರಮ್ಮ ಒಬ್ಬರು ಸಿಕ್ಕರು. ಮುಂಗೈ ಮೇಲೆ ಸಾಲಾಗಿ ಹನಿ ಇಟ್ಟು ಸೂಜಿಯಿಂದ ಚುಚ್ಚಿ ನೋಡಿದರು. ಒಂದೇ ಒಂದು ಜಾಗ ಸೊಳ್ಳೆ ಕಚ್ಚಿದಂತೆ ಊದಿತು. "ಇದಕ್ಕೆ ಮದ್ದು ಅಂದ್ರೆ ತಿನ್ನದೇ ಇರೋದು. ಬೀಜ ಬೆರೆತಿದ್ದು, ತಾಗಿದ್ದು ಯಾವುದೂ ಬೇಡ. ಉಸಿರು ಕಟ್ಟಿದ್ರೆ ಮೊದ್ಲು ಇಂಜೆಕ್ಷನ್, ಆಮೇಲೆ ಆಸ್ಪತ್ರೆ" ಎಂದರು. ತೊಡೆಗೆ ಚುಚ್ಚುವುದನ್ನು ಅಲ್ಲಿನ ನರ್ಸ್ ಒಂದು ಮೋಸಂಬಿಯ ಮೇಲೆ ಕಲಿಸಿದರು.

ಅಲ್ಲಿಂದಾಚೆಗೆ ನನಗೆ ಕೊಂಬು ಬಂತು. ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣದ ಬೆನ್ನನ್ನು ಗಟ್ಟಿಯಾಗಿ ಓದುತ್ತಿದ್ದೆ. ನೆಂಟರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಕಷಾಯ ಎಂದರೆ ಸಾಕು, ಮೈಮೇಲೆ ಬೀಳುತ್ತಿದ್ದೆ. ಇವರೆಲ್ಲ ಮೂಢರು, ನನ್ನ ಮಗಳನ್ನು ಇವರಿಂದ ಕಾಯುವುದೇ ನನ್ನ ಕೆಲಸ ಎಂದುಕೊಂಡಿದ್ದೆ.

ಮಗಳಿಗೆ ಏಳು ತುಂಬಿದ ವರ್ಷದ ಶ್ರಾವಣ ಶನಿವಾರ, ಕೆಳಗಿನ ಮನೆಯ ಓನರ್ ಅಜ್ಜಿ ಪೂಜೆಗೆ ಕರೆದರು. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ನಾನೂ ಮಗಳೂ ಇಳಿದು ಹೋದೆವು. ಅಜ್ಜಿ ಎರಡು ದೊನ್ನೆ ಪುಳಿಯೋಗರೆ ತಂದರು.

"ನೋಡಪ್ಪಾ, ಮಗೂಗೇಂತ ಒಂದೊಂದೇ ಬೀಜ ಆರಿಸಿ ತೆಗ್ದಿದೀನಿ. ಕನ್ನಡಕ ಹಾಕ್ಕೊಂಡು ಕೂತು ತೆಗ್ದೆ. ದೇವರ ಪ್ರಸಾದ, ಏನೂ ಆಗಲ್ಲ."

ಉಪವಾಸದವರಿಗೆ ಈರುಳ್ಳಿ ಆರಿಸಿಟ್ಟಂತೆ ಆರಿಸಿದ್ದರು. ಎಣ್ಣೆಯೇ ಕಡಲೆಕಾಯಿಯದು, ಪುಡಿಯಲ್ಲೂ ಅದೇ. ನನಗೆ ಗೊತ್ತಿತ್ತು. ಮಗಳು ದೊನ್ನೆ ಹಿಡಿದು ನನ್ನ ಮುಖ ನೋಡಿದಳು. "ಅಪ್ಪ, ತಿನ್ಲಾ?" ಎಂದಳು. ಸುತ್ತ ಹತ್ತು ಜನ ಹೆಂಗಸರು. ಎಂಬತ್ತು ದಾಟಿದ ಮುದುಕಿ ಕಾಯುತ್ತ ನಿಂತಿದ್ದರು. ವಾಟ್ಸಾಪಿನಲ್ಲಿ ಹುಲಿಯಾಗಿದ್ದ ನಾನು ಹಲ್ಲು ಕಿರಿದು, "ಒಂದೇ ತುತ್ತು ತಿನ್ನು, ಪ್ರಸಾದ ಬೇಡ ಅನ್ನಬಾರ್ದು" ಎಂದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಹತ್ತು ನಿಮಿಷವೂ ಆಗಲಿಲ್ಲ. ಅವಳು ಕತ್ತು ಹಿಡಿದುಕೊಂಡಳು, ತುಟಿ ದಪ್ಪಗಾಯಿತು, ಎದೆಯಿಂದ ಸುಂಯ್ ಎಂಬ ಸದ್ದು ಬಂತು. ಮೇಲಕ್ಕೆ ಓಡಿ ಇಂಜೆಕ್ಷನ್ನಿನ ಪೆಟ್ಟಿಗೆಯನ್ನೂ ಅವಳ ಫೈಲನ್ನೂ ತಂದು, ದೇವರ ಮುಂದೆಯೇ ಮಲಗಿಸಿ ತೊಡೆಗೆ ಚುಚ್ಚಿದೆ. ಸೂಜಿ ಸರಿಯಾಗಿ ಹೋಯಿತು. ಆಟೋದಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಉಸಿರು ಸ್ವಲ್ಪ ಸಡಿಲವಾಗಿತ್ತು.

ಎಮರ್ಜೆನ್ಸಿಯಲ್ಲಿ ಆಕ್ಸಿಜನ್ ಮಾಸ್ಕ್ ಹಾಕಿ ಮಲಗಿಸಿದರು. ಡ್ಯೂಟಿ ಡಾಕ್ಟರ್ ಫೈಲು ತಿರುವಿ ಕೇಳಿದರು: "ಇಷ್ಟು ಸ್ಪಷ್ಟವಾಗಿ ಬರ್ದಿದೆ. ಯಾರ್ರೀ ಕೊಟ್ಟಿದ್ದು?"

ಮಗಳು ಮಾಸ್ಕ್ ಸರಿಸಿ, ಊದಿದ ತುಟಿಯಲ್ಲೇ, "ಯಾರೂ ಕೊಟ್ಟಿಲ್ಲ ಅಂಕಲ್. ನಾನೇ ಅಪ್ಪಂಗೆ ಗೊತ್ತಾಗ್ದಂಗೆ ತಿಂದೆ" ಎಂದಳು.

ಡಾಕ್ಟರ್ ಅವಳಿಗೆ ಬೈದರು. ನಾನು ಪಕ್ಕದಲ್ಲಿ ನಿಂತು ಬೈಸಿಕೊಳ್ಳಲು ಬಿಟ್ಟೆ.