ಬಾರದ ಹಡಗುಗಳ ಮೇಷ್ಟ್ರು

ಪೆಸಿಫಿಕ್ ಯುದ್ಧದಲ್ಲಿ ನಡೆದದ್ದನ್ನು ಬಲ್ಲವರು ನಮ್ಮ ದ್ವೀಪಗಳಲ್ಲಿ ಬಹಳ ಮಂದಿ ಇದ್ದಾರೆ. ನಡೆಯದೆ ಹೋದದ್ದನ್ನು ಅಷ್ಟೇ ಶ್ರದ್ಧೆಯಿಂದ ಕಲಿಸಿದವರು, ನಾನು ತಿಳಿದಂತೆ, ಲಿಬೋಗಾನ್ ಪ್ರೌಢಶಾಲೆಯ ಇತಿಹಾಸದ ಮೇಷ್ಟ್ರಾದ ಶ್ರೀ ಕ್ರಿಸಾಂತೋ ಅಬಾರ್ಕೆಜ್ ಅವರೊಬ್ಬರೇ. ಮಿಡ್‌ವೇ ಬಳಿ ಜಪಾನಿನ ವಿಮಾನವಾಹಕ ಹಡಗುಗಳು ಮುಳುಗದೆ ಉಳಿದಿದ್ದರೆ ಏನಾಗುತ್ತಿತ್ತು, ಅಮೆರಿಕದ ನೌಕಾಪಡೆ ನಮ್ಮ ಫಿಲಿಪ್ಪೀನ್ಸನ್ನು ಬದಿಗಿಟ್ಟು ನೇರ ಫಾರ್ಮೋಸಾಕ್ಕೆ, ಅಂದರೆ ಇಂದಿನ ತೈವಾನಿಗೆ, ಹೋಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗಳನ್ನು ದೊಡ್ಡ ಊರುಗಳ ವಿದ್ವಾಂಸರು ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಚರ್ಚಿಸುತ್ತಾರೆ. ನಮ್ಮ ಮೇಷ್ಟ್ರು ಅವನ್ನು ಕೊಲ್ಲಿಯ ಮರಳಿನ ಮೇಲೆ, ಮೊಣಕಾಲವರೆಗೆ ಪ್ಯಾಂಟು ಮಡಚಿಕೊಂಡು, ಊರಿನ ಮಕ್ಕಳ ಜೊತೆ ಆಡಿ ನೋಡಿದರು. ಅವರ ನಿವೃತ್ತಿಯ ಈ ಸಂಪುಟಕ್ಕೆ ನನ್ನಿಂದಲೂ ಒಂದು ಬರಹ ಬೇಕೆಂದು ಸಮಿತಿಯವರು ಕೇಳಿದಾಗ ಹಿಂಜರಿದೆ. ಆಮೇಲೆ, ಆ ಆಟದ ಅಳತೆಯ ಹಗ್ಗ ಹಿಡಿದು ಹತ್ತಿರದಿಂದ ಕಂಡದ್ದನ್ನು ನಾನೇ ಬರೆಯಬೇಕು ಎನ್ನಿಸಿ ಒಪ್ಪಿಕೊಂಡೆ.

ಮೇಷ್ಟ್ರು ನಮ್ಮ ಊರಿಗೆ ಬಂದಾಗ ಅವರಿಗಿನ್ನೂ ಮದುವೆಯಾಗಿರಲಿಲ್ಲ ಎಂದು ಅಮ್ಮ ಹೇಳುತ್ತಾಳೆ. ಮೊದಲ ವರ್ಷವೇ ಅವರು ಶನಿವಾರದ ಆಟವನ್ನು ಶುರುಮಾಡಿದರು. ಇಳಿತದ ಹೊತ್ತಿಗೆ ಮಕ್ಕಳು ಒದ್ದೆ ಮರಳಿನಲ್ಲಿ ಕೊಲ್ಲಿಯನ್ನೂ ದ್ವೀಪಗಳನ್ನೂ ಕೊರೆಯಬೇಕು, ಹವಳದ ದಿಬ್ಬಕ್ಕೆ ಚೂರು ಹವಳ ಪೇರಿಸಬೇಕು. ಹಡಗಿಗೆ ತೆಂಗಿನ ಸಿಪ್ಪೆ, ಸೈನಿಕರನ್ನು ದಡಕ್ಕೆ ತರುವ ದೋಣಿಗೆ ಹುಣಸೆ ಸಿಪ್ಪೆ. ಮುಂದಿನದೆಲ್ಲ ಏರುವ ಸಮುದ್ರದ ಕೈಯಲ್ಲಿ. ದೋಣಿ ದಿಬ್ಬ ದಾಟಿತೋ ಸಿಕ್ಕಿಕೊಂಡಿತೋ ಎಂಬ ತೀರ್ಪನ್ನು ನೀರೇ ಹೇಳುತ್ತಿದ್ದುದರಿಂದ ಜಗಳವಾಡಲು ಯಾರಿಗೂ ಆಸ್ಪದವಿರಲಿಲ್ಲ. ಹಡಗು ಎಷ್ಟಿವೆ ಎಂದು ಹುಡುಗರು ಎಣಿಸಲು ಹೊರಟರೆ, ಮೊದಲು ಎಣ್ಣೆ ಎಲ್ಲಿಂದ ಬರುತ್ತದೆ, ಅಷ್ಟು ಜನಕ್ಕೆ ಅನ್ನ ಯಾರು ಹೊರುತ್ತಾರೆ ಎಂದು ಕೇಳುವರು. ಮಾತು ತೊದಲುತ್ತಿದ್ದ ಒಬ್ಬ ಹುಡುಗನನ್ನು ಬಾವುಟಗಳ ಅಧಿಕಾರಿಯನ್ನಾಗಿ ಮಾಡಿ, ಇಡೀ ನೌಕಾಪಡೆ ಅವನ ಕೈಸನ್ನೆಗೆ ಕಾಯುವಂತೆ ಮಾಡಿದವರು ಅವರು. ಆತ ಈಗ ದೋಣಿ ಸಾರಿಗೆಯ ಕಪ್ತಾನ. ಮೇಷ್ಟ್ರ ಹೆಂಡತಿ ಮಾತ್ರ ಗಂಡನನ್ನು ದೋಣಿಯಿಲ್ಲದ ಅಡ್ಮಿರಲ್ ಎಂದು ಇಂದಿಗೂ ರೇಗಿಸುತ್ತಾರೆ.

ನಮ್ಮ ಊರಿಗೊಂದು ಹಳೆಯ ಕೊರಗಿತ್ತು. ಅಮೆರಿಕದವರು ಮೊದಲು ದೇಶದ ದಕ್ಷಿಣದಲ್ಲಿ, ನಮ್ಮ ಕಡೆ, 1944ರ ನವೆಂಬರ್ ತಿಂಗಳಲ್ಲಿ ದಡ ಹತ್ತುವುದೆಂದು ಯೋಜನೆಯಾಗಿತ್ತು. ಸೆಪ್ಟೆಂಬರಿನಲ್ಲಿ ಅದನ್ನು ಕೈಬಿಟ್ಟು ನೇರ ಲೇಯ್ಟೆ ದ್ವೀಪಕ್ಕೆ ಹೋದರು. ಯೋಜನೆ ಬದಲಾಗದಿದ್ದರೆ ಹಡಗುಗಳು ನಮ್ಮ ಕೊಲ್ಲಿಗೇ ಬರುತ್ತಿದ್ದವು ಎಂಬುದು ಊರವರ ನಂಬಿಕೆ. ಬಂದಿದ್ದರೆ ಲೇಯ್ಟೆಯಲ್ಲಿರುವ ಪ್ರತಿಮೆಗಳು, ವರ್ಷವರ್ಷದ ಬ್ಯಾಂಡು, ಪ್ರವಾಸಿಗರು ಎಲ್ಲ ನಮ್ಮದಾಗುತ್ತಿದ್ದವಂತೆ. ಬಾರದಿರಲು ಕಾರಣ ಯಾರು ಎಂದರೆ ಎಲ್ಲರ ಬೆರಳೂ ನಮ್ಮ ಮನೆಯತ್ತ ತಿರುಗುತ್ತಿತ್ತು. ಆ ವರ್ಷ ಕಾಡಿನಿಂದ ಗೆರಿಲ್ಲಾಗಳು ಒಬ್ಬ ಅಮೆರಿಕದವನನ್ನು ಕರೆತಂದು, ಚಪ್ಪಟೆ ತಳದ ದೋಣಿಗಳು ನಮ್ಮ ದಿಬ್ಬ ದಾಟುತ್ತವೆಯೇ ಎಂದು ಕೇಳಿದ್ದು ನನ್ನ ತಾತ ತೆಲೆಸ್ಫೋರೋನನ್ನು. ಆಗ ಅವನು ಮೀಸೆ ಚಿಗುರದ ಬೆಸ್ತರ ಹುಡುಗ. ದಾಟುವುದಿಲ್ಲ ಎಂದ. ಊರಿಗೆ ಬಿಡುಗಡೆ ಸಿಕ್ಕಿದ್ದು ಮುಂದಿನ ವರ್ಷ. ನಡುವಿನ ತಿಂಗಳುಗಳಲ್ಲಿ ಹಸಿವೂ ಜಪಾನಿ ಸೈನಿಕರ ಸಿಟ್ಟೂ ಹಲವರನ್ನು ಕೊಂಡೊಯ್ದವು. ಅಂದಿನಿಂದ ನಮ್ಮದು ಹಡಗು ತಿರುಗಿಸಿದವರ ಮನೆ.

ನಾನು ತರಗತಿಗೆ ಕಾಲಿಟ್ಟರೆ ಹಿಂದಿನ ಬೆಂಚಿನವರು ಹಡಗಿನ ಸೈರನ್ನಿನಂತೆ ಕೂಗುತ್ತಿದ್ದರು. ಪ್ರೌಢಶಾಲೆಯ ಎರಡನೆಯ ವರ್ಷದಲ್ಲಿ ಶಾಲೆ ಬಿಟ್ಟು ಅಮ್ಮನ ಮೀನಿನ ಅಂಗಡಿಯಲ್ಲಿ ಕುಳಿತೆ. ಕೆಲವು ದಿನಗಳ ಮೇಲೆ ಮೇಷ್ಟ್ರು ಮೀನು ಕೊಳ್ಳಲು ಬಂದರು. ಏಕೆ ಬಿಟ್ಟೆ ಎಂದು ಕೇಳಲಿಲ್ಲ. "ಇಂದಾಯ್, ಶನಿವಾರ ಹಗ್ಗ ಹಿಡಿಯೋಕೆ ಒಬ್ರು ಬೇಕು ಕಣಮ್ಮ. ಮಾತಾಡೋ ಕೆಲಸ ಇರಲ್ಲ" ಎಂದಷ್ಟೇ ಹೇಳಿ ಮೀನು ಹಿಡಿದು ಹೊರಟರು. ಹಡಗಿನ ಫಿರಂಗಿ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ಅಳೆಯುವ ಹಗ್ಗ ಅದು. ಅಂದಿನಿಂದ ಅದು ನನ್ನ ಕೈಯಲ್ಲಿದೆ. ಆಟ ಮುಗಿದ ಮೇಲೆ, ಮನೆಯಲ್ಲಿ ಅಡಿಗೆ ಹೆಚ್ಚಾಯಿತೆಂದು ನೆಪ ಹೇಳಿ, ತೆಂಗಿನ ಗರಿಯಲ್ಲಿ ಬೇಯಿಸಿದ ಅನ್ನದ ಪೊಟ್ಟಣವನ್ನೂ ಅದರ ಕೆಳಗೆ ಒಂದು ಪುಸ್ತಕವನ್ನೂ ಕೊಡುವರು. ನಾನು ಇಂದು ಈ ನಾಲ್ಕು ಸಾಲು ಬರೆಯುತ್ತಿದ್ದರೆ ಅದು ಆ ಪುಸ್ತಕಗಳ ಋಣ.

ಯುದ್ಧ ಮುಗಿಯುವ ಮುಂಚಿನ ಆ ವರ್ಷದ ಎಪ್ಪತ್ತನೆಯ ನೆನಪಿಗೆ ಊರಿನ ಮುಖ್ಯಸ್ಥರಾದ, ಆ ಹುದ್ದೆಯಿಂದಾಗಿ ಎಲ್ಲರೂ ಕಪಿತಾನ್ ಎನ್ನುವ ಲುದೋವಿಕೋ ಒಂದು ದೊಡ್ಡ ಪ್ರದರ್ಶನ ಏರ್ಪಡಿಸಿದರು. ಹಡಗುಗಳು ನಮ್ಮಲ್ಲಿಗೇ ಬಂದಿದ್ದರೆ ಎಂಬುದು ಅದರ ಕಥೆ. ಹಡಗುಗಳನ್ನು ಹಿಂದಕ್ಕೆ ಕಳಿಸಲು ನೋಡಿ ಒದೆ ತಿನ್ನುವ ಒಬ್ಬ ಪೆದ್ದ ಬೆಸ್ತ ಅದರಲ್ಲಿ ನಗಿಸುವ ಪಾತ್ರ. ಬರೆದುಕೊಡಿ ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಒಪ್ಪಿದರು, ಒಂದು ಷರತ್ತಿನ ಮೇಲೆ: ಮೊದಲು ಮರಳಿನ ಮೇಲೆ ಆಡಬೇಕು, ಕಪಿತಾನರೇ ಅಡ್ಮಿರಲ್ ಆಗಬೇಕು, ನೀರು ಹೇಳಿದ್ದನ್ನೇ ಬರೆಯುವುದು.

ಸುದ್ದಿ ತಾತನ ಕಿವಿಗೆ ಬಿತ್ತು. ಜನ ಸೇರುವ ದಿನ ಅವನು ದಡಕ್ಕೆ ಹೋಗುವುದನ್ನು ನಾನು ಹುಟ್ಟುವ ಮುಂಚೆಯೇ ಬಿಟ್ಟಿದ್ದ. ಅಮ್ಮ ಬೇಡವೆಂದಳು.

"ದಾಟಿದ್ರೆ ದಾಟ್ಲಿ. ನಾನು ಮಾಡಿದ್ದು ತಪ್ಪೋ ಸರಿಯೋ, ಸಾಯೋಕೆ ಮುಂಚೆ ಗೊತ್ತಾಗ್ಲಿ" ಎಂದ ತಾತ, ಒಗೆದ ಅಂಗಿ ತೊಟ್ಟು ನನ್ನ ತೋಳು ಹಿಡಿದುಕೊಂಡ.

ಹಡಗುಗಳು ಬರಬೇಕಿದ್ದ ಆ ನವೆಂಬರಿನ ಅಮಾವಾಸ್ಯೆಯ ಉಬ್ಬರವನ್ನು ಲೆಕ್ಕ ಹಾಕಿ, ಅದನ್ನು ಹೋಲುವ ದಿನವನ್ನೇ ಮೇಷ್ಟ್ರು ಆರಿಸಿದ್ದರು. ಇನ್ನೊಂದು ಹೊಸತನ್ನೂ ಮಾಡಿದ್ದರು. ಅಲ್ಲಿಯವರೆಗೆ ನಮ್ಮ ಆಟದ ದಡ ಬರಿದಾಗಿರುತ್ತಿತ್ತು. ನೌಕಾಪಡೆಯ ನಕ್ಷೆಯಲ್ಲಿ ನೀರಿನ ಆಳ ಇರುತ್ತದೆಯೇ ಹೊರತು ಮನೆಗಳಿರುವುದಿಲ್ಲ, ನಾವೂ ಹಾಗೆಯೇ ಆಡಿಕೊಂಡು ಬಂದಿದ್ದೆವು. ಈ ಸಲ ಪ್ರತಿ ಮನೆಯವರೂ ಒಂದು ಚಿಪ್ಪು ತಂದು, ತಮ್ಮ ಹಿರಿಯರ ಮನೆ ಆಗ ಎಲ್ಲಿತ್ತೋ ಅಲ್ಲಿಡಬೇಕೆಂದರು. ಕಾದ ತಿಂಗಳುಗಳಲ್ಲಿ ಸತ್ತವರಿದ್ದ ಮನೆಯವರು ಚಿಪ್ಪಿನ ಪಕ್ಕದಲ್ಲಿ ಒಂದೊಂದು ಕರಿ ಕಲ್ಲು ಇಟ್ಟರು. ಕಪಿತಾನರೂ ನಗುನಗುತ್ತಾ ತಮ್ಮ ಚಿಪ್ಪನ್ನು ಮರಳಿನಲ್ಲಿ ಗುರುತಿಸಿದ್ದ ಚರ್ಚಿನ ಹಿಂದೆ ಇಟ್ಟರು.

ನೀರು ಏರಿತು. ಕಪಿತಾನರು ದೋಣಿಗಳನ್ನು ಬಿಟ್ಟರು. ಹುಣಸೆ ಸಿಪ್ಪೆಗಳು ದಿಬ್ಬದ ಹತ್ತಿರ ತುಸು ತಡವರಿಸಿ, ಒಂದೊಂದಾಗಿ ದಾಟಿ ದಡಕ್ಕೆ ಬಂದವು. ಹಿಂದಿನಿಂದ ಯಾರೋ ಸೈರನ್ನಿನಂತೆ ಕೂಗಿದರು. ಮಗುಚಿದ ದೋಣಿಯ ಮೇಲೆ ಕುಳಿತಿದ್ದ ತಾತ ತನ್ನ ಪಾದಗಳನ್ನೇ ನೋಡುತ್ತಿದ್ದ.

"ನೋಡಿದ್ರಾ ಮೇಷ್ಟ್ರೇ, ದಾಟೇಬಿಟ್ವು. ಎಪ್ಪತ್ತು ವರ್ಷದಿಂದ ನಾವು ಬಡ್ಕೊಂಡಿದ್ದು ಇದನ್ನೇ."

"ದಾಟಿದ್ವು ಕಪಿತಾನ್. ನಾನೇನು ಇಲ್ಲ ಅಂದ್ನಾ? ಆದ್ರೆ ದೋಣಿ ಬಿಡೋಕೆ ಮುಂಚೆ ನೀವು ಫಿರಂಗಿ ಹಾರಿಸೋದನ್ನೇ ಮರೆತ್ರಲ್ಲ."

ತರಾವಾ ದ್ವೀಪದ ದಡ ಹತ್ತುವಾಗ ಸಾವಿರ ಜನರನ್ನು ಕಳೆದುಕೊಂಡ ಮೇಲೆ ಅಮೆರಿಕದ ಯಾವ ಅಡ್ಮಿರಲ್ಲನೂ ಮೊದಲು ದಡವನ್ನು ಸುಡದೆ ದೋಣಿ ಕಳಿಸುತ್ತಿರಲಿಲ್ಲ ಎಂದು ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಹೇಳಿದರು. ಜಪಾನಿಯರ ಫಿರಂಗಿಗಳು ಎಲ್ಲಿದ್ದವು ಎಂದು ಕೇಳಿದರು. ಅದು ಊರಿನಲ್ಲಿ ಎಲ್ಲರಿಗೂ ಗೊತ್ತು: ಚರ್ಚಿನ ಅಂಗಳದಲ್ಲಿ, ಸಂತೆಯ ನಡುವೆ.

"ಹಾಗಾದ್ರೆ ಅಲ್ಲಿಗೇ ಹೊಡೀರಿ. ಇಂದಾಯ್, ಹಗ್ಗ ತಗೊಂಬಾ."

ಮರಳಿನ ಚರ್ಚಿನ ಅಂಗಳದಲ್ಲಿ ಗೂಟ ನೆಟ್ಟು, ಗುಂಡುಗಳು ಬಿದ್ದು ಸುಡುವಷ್ಟು ಜಾಗಕ್ಕೆ ಹಗ್ಗದಿಂದ ಸುತ್ತು ಹಾಕಿದೆ. ವೃತ್ತದೊಳಗಿನ ಚಿಪ್ಪುಗಳನ್ನು ಗುಂಡು ಹಾರಿಸಿದವರೇ, ಮನೆಯ ಹೆಸರು ಹೇಳಿ, ಕೈಯಾರೆ ಎತ್ತಬೇಕೆಂಬುದು ಅಂದಿನ ನಿಯಮ. ಕಪಿತಾನರು ಮೊದಲಿನವನ್ನು ಬೇಗ ಬೇಗ ಎತ್ತಿದರು. ಬಳಿಕ ನಿಧಾನಿಸಿದರು, ಹೆಸರು ಹೇಳಿದಾಗಲೆಲ್ಲ ಆ ಮನೆಯವರು ಎದುರಿಗೇ ನಿಂತಿದ್ದರು. ಚರ್ಚಿನ ಹಿಂದಿನ ಚಿಪ್ಪಿಗೆ ಕೈ ಹಾಕಿ ಅಲ್ಲಿಯೇ ಬಗ್ಗಿ ನಿಂತರು.

"ಇದು ನಮ್ಮಜ್ಜೀದು" ಎಂದರು. "ನಮ್ಮಮ್ಮ ಆಗ ಎದೆಹಾಲು ಕುಡಿಯೋ ಕೂಸು."

ತರಕಾರಿ ಮಾರುವ ಪಿಲಾರ್ ಅಜ್ಜಿ ಕೊಡೆಯ ಕೆಳಗಿನಿಂದ, "ಅಯ್ಯೋ ಪಾಪ, ಅಡ್ಮಿರಲ್ ಸಾಹೇಬ್ರು ಹುಟ್ಟೋಕೆ ಮುಂಚೇನೇ ತಮ್ಮನ್ನ ತಾವೇ ಹೊಡ್ಕೊಂಡ್ರಲ್ಲಪ್ಪ" ಎಂದಳು.

ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ದಡ ನಕ್ಕಿತು. ಕಪಿತಾನರೂ ನೀರಿನಲ್ಲೇ ಕುಳಿತು ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ಅಷ್ಟು ವರ್ಷ ಬಿಗಿಹಿಡಿದಿದ್ದ ಉಸಿರನ್ನು ಊರು ಒಮ್ಮೆಗೇ ಬಿಟ್ಟಂತಿತ್ತು.

ಮೇಷ್ಟ್ರು ನಗಲಿಲ್ಲ. ಕರಿ ಕಲ್ಲುಗಳನ್ನು ತೋರಿಸಿ, ಇವೂ ನಮ್ಮವೇ, ಇವನ್ನು ಯಾವ ಆಟವೂ ಎತ್ತಿಹಾಕುವುದಿಲ್ಲ ಎಂದರು. ಆಮೇಲೆ ತಾತನ ಪಕ್ಕ ಹೋಗಿ ಕುಳಿತರು. ತಾತ, ಅಂದು ತನ್ನ ಕಣ್ಣ ಮುಂದೆ ಇದ್ದದ್ದು ಇಳಿತದ ದಿಬ್ಬವೇ, ಉಬ್ಬರ ನೆನಪಾಗಲಿಲ್ಲ, ಭಯವಾಗಿತ್ತು ಎಂದು ಮೆಲ್ಲಗೆ ಹೇಳಿದ. ಎಣ್ಣೆ, ಹಡಗು, ವಿಮಾನಗಳ ಲೆಕ್ಕ ಹಾಕಿ ದೊಡ್ಡವರು ದಾರಿ ಬದಲಿಸಿದರು, ಒಬ್ಬ ಹುಡುಗನ ಮಾತಿಗೆ ನೌಕಾಪಡೆ ತಿರುಗುವುದಿಲ್ಲ ಎಂದರು ಮೇಷ್ಟ್ರು.

"ಹಂಗಾದ್ರೆ ನನ್ನ ಮಾತು ಅವರಿಗೆ ಮುಟ್ಟೇ ಇಲ್ಲ ಅಂತೀರಾ?"

"ಮುಟ್ಟಿರಬಹುದು, ಮುಟ್ಟದೇನೂ ಇರಬಹುದು. ಮುಟ್ಟಿದ್ರೆ ಊರು ಉಳೀತು. ಮುಟ್ಟಿಲ್ಲಾಂದ್ರೆ ನಿಮ್ಮ ತಪ್ಪೇನೂ ಇಲ್ಲ. ಏಳಿ, ಊಟ ಮಾಡೋಣ."

ಅಂದು ತಾತ ಊರವರ ನಡುವೆ ಕುಳಿತು ಎರಡು ಪೊಟ್ಟಣ ಅನ್ನ ಉಂಡ. ಪ್ರದರ್ಶನದಲ್ಲಿ ಪೆದ್ದ ಬೆಸ್ತ ಇರಲಿಲ್ಲ. ಎತ್ತಿದ ಚಿಪ್ಪುಗಳನ್ನು ಕಪಿತಾನರು ಒಂದೊಂದು ಮನೆಯವರಿಗೂ ಮರಳಿ ಕೊಡುವುದೇ ಕೊನೆಯ ದೃಶ್ಯವಾಗಿತ್ತು. ತಾತ ಇನ್ನೂ ಎರಡು ಮಳೆಗಾಲ ಬದುಕಿದ್ದು, ಪ್ರತಿ ಸಂಜೆ ದಡಕ್ಕೆ ಹೋಗಿ ಬರುತ್ತಿದ್ದು, ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋದ. ನಮ್ಮ ಚಿಪ್ಪು ಕಿಟಕಿಯ ಮೇಲಿದೆ.

ಇನ್ನು ಮೇಷ್ಟ್ರಿಗೆ ಶಾಲೆಯ ಗಂಟೆಯ ಹಂಗಿಲ್ಲ. ಫಾರ್ಮೋಸಾದ ಆಟ ಅರ್ಧದಲ್ಲೇ ನಿಂತಿದೆ, ಮುಂದಿನ ಅಮಾವಾಸ್ಯೆಗೆ ಒಳ್ಳೆಯ ಉಬ್ಬರವಿದೆ ಎಂದು ಅವರೇ ಮೊನ್ನೆ ಅಂಗಡಿಗೆ ಬಂದು ಹೇಳಿ ಹೋದರು. ಅವರ ಮೊಣಕಾಲುಗಳು ಗಟ್ಟಿಯಾಗಿರಲಿ, ಕಣ್ಣು ದಿಬ್ಬದಾಚೆಗೂ ಕಾಣುತ್ತಿರಲಿ, ಬಾರದ ಹಡಗುಗಳನ್ನು ಅವರು ಇನ್ನೂ ಬಹಳ ಕಾಲ ನಮ್ಮ ದಡದ ಮುಂದೆ ನಿಲ್ಲಿಸಿ, ಕ್ಷೇಮವಾಗಿ ಹಿಂದಕ್ಕೆ ಕಳಿಸುತ್ತಿರಲಿ. ಹಗ್ಗವನ್ನು ತೊಳೆದು ಬಿಸಿಲಿಗೆ ಹಾಕಿದ್ದೇನೆ.