ವಾಸಣ್ಣನ ಟವರ್

ಬಾಯಲ್ಲಿ ವಿಸಿಲ್ ಕಚ್ಚಿಕೊಂಡು ಟವರ್ ಹತ್ತುವವರೆಂದು ನಾನು ಕಂಡದ್ದು ಒಬ್ಬರನ್ನೇ, ಪಕ್ಕದ ಮನೆಯ ವಾಸಣ್ಣನನ್ನು. ಮೂವತ್ತು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟರೂ ವಿಸಿಲ್ ಕೊರಳಿನಿಂದ ಇಳಿದಿರಲಿಲ್ಲ.

ಮಂಗಳೂರಿನ ಅಂಚಿನ ನಮ್ಮ ಊರು ಗುಡ್ಡದ ಬುಡದ ಗುಂಡಿಯಲ್ಲಿದೆ. ಕೇಬಲ್ ಬರಲಿಲ್ಲ, ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಎತ್ತರದ ಕಂಬ ನಿಲ್ಲಿಸಿ ಡಿಶ್ ಕಟ್ಟಿದರೆ ಕೊಟ್ಟಾರದ ಒಂದು ಕಟ್ಟಡದ ಮೇಲಿನಿಂದ ಇಂಟರ್ನೆಟ್ ಸಿಗುತ್ತದೆ ಎಂದು ಯಾರೋ ಹೇಳಿದ್ದೇ ತಡ, ವಾಸಣ್ಣ ಬಂದರಿನ ಗುಜರಿಯಿಂದ ಹಳೆಯ ಮೀನಿನ ಬೋಟಿನ ಕಬ್ಬಿಣದ ಕಂಬವನ್ನೇ ಟೆಂಪೋದಲ್ಲಿ ತಂದರು. ಹತ್ತಲು ಮೆಟ್ಟಿಲು ವೆಲ್ಡ್ ಮಾಡಿಸಿ ನಿಲ್ಲಿಸಿದರು.

"ಸಮುದ್ರದ ಗಾಳಿಗೆ ಬೀಳದ್ದು ಇಲ್ಲಿ ಬೀಳ್ತದಾ ಮಾರಾಯ?"

ಬೀಳಲಿಲ್ಲ. ಆದರೆ ಅದರ ಮೀನಿನ ವಾಸನೆಗೆ ಊರಿನ ಕಾಗೆಗಳೆಲ್ಲ ಬಂದವು. ಡಿಶ್ಶಿನ ಮೇಲೆ ಒಂದು ಕೂತರೆ ಸಾಕು, ಕಂಬಳದ ಲೈವಿನಲ್ಲಿ ಕೋಣಗಳು ಕಾಲೆತ್ತಿ ಹಾಗೇ ನಿಲ್ಲುತ್ತಿದ್ದವು. ವಾಸಣ್ಣ ಸರಸರ ಹತ್ತಿ, ವಿಸಿಲ್ ಊದಿ, "ಪೋಯಿ, ರೈಟ್!" ಎಂದು ಬಸ್ಸು ಬಿಡಿಸುವಂತೆ ಕಾಗೆಗಳನ್ನು ಹೊರಡಿಸಿ ಡಿಶ್ ತಿರುಗಿಸುವರು. ಕೆಳಗೆ ಸಿಗ್ನಲ್ ತೋರಿಸುವ ಪೆಟ್ಟಿಗೆಯ ಹಸಿರು ದೀಪ ಎಣಿಸುವ ಕೆಲಸ ನನ್ನದು.

"ಎಷ್ಟು ಉಂಟು?"

"ಮೂರು!"

"ನಾಲ್ಕಾಗದೆ ನಾನು ಇಳಿಯುವುದಿಲ್ಲ!"

ಅವರ ಹೆಂಡತಿ ಗಿರಿಜಕ್ಕ ಗಂಜಿ ತಣಿಯಿತೆಂದು ಕೂಗಿದರೂ ಅದೇ ಉತ್ತರ. ಕೊನೆಕೊನೆಗೆ ಕಾಗೆಗಳು ಹೆದರಿ ನಮ್ಮ ಕಡೆ ತಲೆ ಹಾಕುವುದನ್ನೇ ಬಿಟ್ಟವು. ಆದರೂ ಊಟಕ್ಕೆ ಮೊದಲು ಒಮ್ಮೆ ಮೇಲೆ ಹತ್ತಿ ನೋಡುವುದನ್ನು ವಾಸಣ್ಣ ಬಿಡಲಿಲ್ಲ. ನನಗೆ ನಗು. ಆದರೆ ನಾನು ಕೇಳದೆಯೇ ನನ್ನ ಮನೆಗೂ ಅದೇ ಕಂಬದಿಂದ ವೈರ್ ಎಳೆದುಕೊಟ್ಟವರು ಅವರು.

ಕಳೆದ ವರ್ಷ ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟರು.

ಉತ್ತರಕ್ರಿಯೆಯ ಬೊಜ್ಜದ ದಿನ ಅಂಗಳದಲ್ಲಿ ಬಾಳೆಲೆ ಹಾಕಿ ಅವರ ಹೆಸರಿನಲ್ಲಿ ಅನ್ನ ಬಡಿಸಿದೆವು. ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ. ವರ್ಷಗಟ್ಟಲೆ ವಿಸಿಲ್ ಕೇಳಿದ ಕಾಗೆಗಳು ಎಲ್ಲಿಂದ ಬರಬೇಕು? ಗಂಟೆ ಎರಡಾಯಿತು. "ಎಂತದೋ ಆಸೆ ಉಳಿದಿದೆ" ಎಂದು ಹಿರಿಯರೊಬ್ಬರು ಗೊಣಗಿದರು. ಗಿರಿಜಕ್ಕನ ಮುಖ ನೋಡಲಾಗಲಿಲ್ಲ. ನಾನೇ ಎಲೆಯ ಮುಂದೆ ಕೈಮುಗಿದೆ.

"ವಾಸಣ್ಣ, ಟವರ್ ತೆಗೆಯುವುದಿಲ್ಲ. ಡಿಶ್ ನಾನು ನೋಡಿಕೊಳ್ತೇನೆ."

ಸ್ವಲ್ಪ ಹೊತ್ತಿಗೆ ಒಂದು ಕಾಗೆ ಬಂತು. ಎಲೆಯತ್ತ ನೋಡಲೂ ಇಲ್ಲ, ನೇರ ಹೋಗಿ ಡಿಶ್ಶಿನ ಮೇಲೆ ಕೂತಿತು. ಅಭ್ಯಾಸಬಲದಿಂದ ನನ್ನ ಕೈ ಮೇಲೆದ್ದಿತು. ಓಡಿಸುವ ಮೊದಲೇ ಗಿರಿಜಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಳುತ್ತಲೇ ನಗುತ್ತಿದ್ದರು.

"ಸ್ವಲ್ಪ ನಿಲ್ಲು ಮಾರಾಯ. ಸಿಗ್ನಲ್ ನೋಡದೆ ಇವರು ಯಾವತ್ತು ಊಟಕ್ಕೆ ಇಳಿದದ್ದುಂಟು?"