ಭಾನುವಾರದ ಅಪ್ಪಂದಿರು

ಕಳೆದ ಭಾನುವಾರ ನಮ್ಮ ಬೀದಿಯಲ್ಲಿ ಒಬ್ಬ ಅಪ್ಪ ತನ್ನ ಮಗಳನ್ನು ಎತ್ತಿಕೊಂಡ.

ಇದೂ ಒಂದು ಸುದ್ದಿಯೇ ಎಂದು ಪುಟ ತಿರುವಬೇಡಿ. ಅಜ್ಜ ಜಗಲಿಯ ಮೇಲೆ ಕೂತಿರುವಾಗ ನಿಮ್ಮಪ್ಪ ನಿಮ್ಮನ್ನು ಎತ್ತಿಕೊಂಡದ್ದು ನೆನಪಿದೆಯೇ? ಹಿರಿಯರ ಎದುರು ತನ್ನ ಮಗುವನ್ನು ತಾನೇ ಮುದ್ದಾಡುವವನು ನಮ್ಮ ಕಡೆ ನಾಚಿಕೆಗೆಟ್ಟವನು. ಅಣ್ಣನ ಮಗುವನ್ನು ಎತ್ತಿಕೊಳ್ಳಬಹುದು, ಪಕ್ಕದ ಮನೆಯದನ್ನೂ ಎತ್ತಿಕೊಳ್ಳಬಹುದು. ಸ್ವಂತದ್ದು ಮಾತ್ರ ಕೂಡದು. (ಯಾರು ಮಾಡಿದ ಕಾನೂನೋ. ಮಂಡ್ಯದಲ್ಲಿ ಇಷ್ಟೊಂದು ವಕೀಲರಿದ್ದಾರೆ, ಒಬ್ಬರೂ ಪ್ರಶ್ನಿಸಿಲ್ಲ.)

ನಾನು ಬಾಡಿಗೆಗಿರುವ ಬೀದಿಯ ಕೊನೆಯಲ್ಲಿ ಒಂದು ಚರ್ಚ್ ಇದೆ. ಪುಟ್ಟದು, ಹೆಂಚಿನದು. ಭಾನುವಾರ ನನಗೆ ಪಾಠ ಮಾಡುವ ಕೆಲಸವಿಲ್ಲ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ಕೂತರೆ ಎದ್ದಿದ್ದೇನೋ, ಇನ್ನೂ ನಿದ್ದೆಯಲ್ಲೇ ಇದ್ದೇನೋ ತಿಳಿಯುವುದಿಲ್ಲ. ಫ್ಯಾಕ್ಟರಿ ಕಡೆಯಿಂದ ಕಬ್ಬಿನ ಪಾಕದ ವಾಸನೆ ತೇಲಿಬರುತ್ತದೆ. ಅದರ ಜೊತೆಯಲ್ಲೇ ಚರ್ಚಿನ ಹಾಡು. ಎರಡೂ ಬೆರೆತು, ಹಾಡಿಗೇ ಆ ಸಿಹಿ ವಾಸನೆ ಇದೆ ಅನ್ನಿಸುತ್ತದೆ.

ಅಲ್ಲಿ ಹಾಡುವವರು ಹೆಂಗಸರು. ಅವರು ಮುಂದೆ ಹೋಗಿ ನಿಂತರೆ ಮಕ್ಕಳನ್ನು ನೋಡುವವರು ಯಾರು? ಗಂಡಂದಿರೇ. ಹಾಡು ಮುಗಿಯುವಷ್ಟರಲ್ಲಿ ಕೂಸುಗಳಿಗೆ ಅಪ್ಪನ ಹೆಗಲ ಮೇಲೆ ನಿದ್ದೆ. ಎಬ್ಬಿಸುವುದೇಕೆ ಎಂದು ಹಾಗೇ ಹೊತ್ತುಕೊಂಡು ಮನೆಗೆ ಹೊರಡುತ್ತಾರೆ. ಬಿಳಿ ಷರ್ಟಿನ ಮೇಲೆ ಜೊಲ್ಲು. ಪಕ್ಕದಲ್ಲಿ ಹೆಂಡತಿ, ಕೈಬೀಸಿಕೊಂಡು.

ಎದುರುಮನೆಯ ಮರಿಗೌಡರು ದುದ್ದದ ಕಡೆಯ ರೈತರು. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದವರು. ಮೊದಲ ಸಲ ಈ ಮೆರವಣಿಗೆ ನೋಡಿ ಎಲೆಅಡಿಕೆ ಉಗಿದು ನನಗೆ ಹೇಳಿದ್ದರು: "ನೋಡಮ್ಮ, ಎಂಡ್ತಿ ರಾಣಿ ಅಂಗೆ ಓಯ್ತಾವ್ಳೆ, ಗಂಡ ಕೂಸು ಒತ್ಕಂಡು ಓಯ್ತಾವ್ನೆ. ಕಾಲ ಕೆಟ್ಟೋಯ್ತು."

ಆದರೆ ಪ್ರತಿ ಭಾನುವಾರವೂ ಕಾಲ ಕೆಡುವುದನ್ನು ನೋಡಲು ಜಗಲಿಗೆ ಬಂದು ಕೂರತೊಡಗಿದರು. ಬರುಬರುತ್ತಾ ರೈಲ್ವೆಯಲ್ಲಿ ಕೆಲಸ ಮಾಡುವ ಸ್ಯಾಮುಯೆಲ್ ಅವರ ಕೂಸಿನ ಕೆನ್ನೆ ಮುಟ್ಟಿದರು. ಅದು ಕಾಣದಿದ್ದ ಒಂದು ವಾರ ಬೀದಿಗಿಳಿದು, "ಮಗೀಗೆ ಉಸಾರಿಲ್ವಾ?" ಎಂದು ವಿಚಾರಿಸಿದರು.

ಚರ್ಚುಗಳು ಸ್ಕೂಲು, ಆಸ್ಪತ್ರೆ ಕಟ್ಟಿಸಿ ಊರನ್ನು ಬದಲಾಯಿಸುತ್ತವೆ ಅಂತ ಭಾಷಣಗಳಲ್ಲಿ ಕೇಳುತ್ತೇವೆ. ನಮ್ಮ ಬೀದಿಯ ಚರ್ಚು ಏನನ್ನೂ ಕಟ್ಟಿಸಿಲ್ಲ. ಪಾದ್ರಿಗಳು ಮರಿಗೌಡರಿಗೆ ಒಂದು ಮಾತೂ ಬೋಧಿಸಿಲ್ಲ. ಕೆಲವು ಗಂಡಸರು ಕೂಸು ಹೊತ್ತು ನಡೆದುಹೋದರು, ಅಷ್ಟೆ.

ಮರಿಗೌಡರ ಸೊಸೆ ಜಯಮ್ಮನಿಗೆ ಈಗ ತುಂಬಿದ ತಿಂಗಳು. ಸೊಂಟದಲ್ಲಿ ಮೊದಲ ಮಗಳು, ಕೈಯಲ್ಲಿ ನಲ್ಲಿ ನೀರಿನ ಬಿಂದಿಗೆ. ಗಂಡ ಚಿಕ್ಕಣ್ಣ ಗುಮಾಸ್ತ, ಬಲು ಸಾಧು. ಅಪ್ಪನ ಎದುರು ಪೇಪರ್ ಬಿಟ್ಟು ಬೇರೇನನ್ನೂ ಎತ್ತದವನು.

"ಈ ಕೂಸು ಅವ್ರಪ್ಪನ್ನ ಕಂಡ್ರೆ ಅಳ್ತದೆ ಕಣಕ್ಕ," ಎಂದಿದ್ದಳು ಜಯಮ್ಮ. "ನಾನು ಎರಿಗೆಗೋದ್ರೆ ಇದ್ನ ಯಾರು ಎತ್ಕತಾರೆ? ಅದೇ ನಂಗೆ ದಿಗಿಲು." ಕೇಳಿ ನನಗೂ ದಿಗಿಲಾಯಿತು.

ಕಳೆದ ಭಾನುವಾರ ಚರ್ಚು ಬಿಟ್ಟಿತ್ತು. ಸ್ಯಾಮುಯೆಲ್ ಕೂಸು ಹೊತ್ತು ಬರುತ್ತಿದ್ದರು. ಜಯಮ್ಮ ಬಿಂದಿಗೆ ಹೊತ್ತು ನಲ್ಲಿಯಿಂದ ಬರುತ್ತಿದ್ದಳು. ಮಗು ಅವಳ ಸೆರಗು ಜಗ್ಗಿ, ಎತ್ತಿಕೋ ಎಂದು ಕೈ ಚಾಚಿ ಅಳತೊಡಗಿತು. ಅವಳಿಗೆ ಬಗ್ಗಲು ಆಗಲಿಲ್ಲ. ನಡುರಸ್ತೆಯಲ್ಲಿ ಹಾಗೇ ನಿಂತುಬಿಟ್ಟಳು. ಜಗಲಿಯ ಮೇಲೆ ಕೂತಿದ್ದ ಚಿಕ್ಕಣ್ಣ ಪೇಪರ್ ಇಳಿಸಿ ಅಪ್ಪನ ಮುಖ ನೋಡಿದ.

ಮರಿಗೌಡರು ಸ್ಯಾಮುಯೆಲ್ ಅವರನ್ನು ನೋಡಿದರು. ಆಮೇಲೆ ಮಗನನ್ನು.

"ಎತ್ಕಳ್ಲಾ."

"ನಿಮ್ ಮುಂದೆ ಎಂಗಪ್ಪಾ?"

"ನಾನು ಗ್ವಾಡೆ ಕಡೀಕೆ ತಿರೀಕತೀನಿ. ನೀನು ಎತ್ಕೊ."

ತಿರುಗಿಯೇಬಿಟ್ಟರು. ಪಂಚೆ ಸರಿಮಾಡಿಕೊಂಡು, ಬೀದಿಗೆ ಬೆನ್ನುಹಾಕಿ, ಸುಣ್ಣದ ಗೋಡೆ ನೋಡುತ್ತಾ ಕೂತರು. (ಸಂಪ್ರದಾಯವೂ ಉಳಿಯಿತು, ಸೊಸೆಯ ಸೊಂಟವೂ ಉಳಿಯಿತು.)

ಚಿಕ್ಕಣ್ಣ ಬೀದಿಗಿಳಿದು ಮಗಳನ್ನು ಅಕ್ಕಿ ಮೂಟೆಯಂತೆ ಹಿಡಿದ. ಅವಳು ಕಿರುಚಿದಳು. ಸ್ಯಾಮುಯೆಲ್ ಹತ್ತಿರ ಬಂದು, "ತಲೆ ಹೆಗಲಿಗೆ ಹಾಕ್ಕೊಳಿ ಸಾರ್, ಬೆನ್ನು ತಟ್ಟಿ," ಎಂದರು. ಅವನು ತಟ್ಟಿದ. ಅಳು ಬಿಕ್ಕಳಿಕೆಯಾಯಿತು. ಪುಟ್ಟ ಕೈ ಅವನ ಕಾಲರ್ ಹಿಡಿಯಿತು. ಬೀದಿಯ ಸದ್ದೆಲ್ಲ ಎಲ್ಲೋ ದೂರ ಹೋದಂತಾಯಿತು. ನನ್ನ ಕಣ್ಣು ತುಂಬಿತು, ಅವನದೂ.

ನಾನು ರಸ್ತೆ ದಾಟಿ ಜಗಲಿಯ ಹತ್ತಿರ ಹೋದೆ. ಮರಿಗೌಡರು ಇನ್ನೂ ಗೋಡೆ ನೋಡುತ್ತಿದ್ದರು.

"ಅಳು ನಿಲ್ಲುಸ್ತಾ?"

"ನಿಲ್ಲಿಸಿದಳು. ಇನ್ನು ತಿರುಗಿ ಗೌಡ್ರೇ."

ಅವರು ತಿರುಗಲಿಲ್ಲ.

"ಇವ್ನು ಕೂಸಾಗಿದ್ದಾಗ ಎಷ್ಟು ಭಾರ ಇದ್ನೋ, ನಂಗೊತ್ತೇ ಇಲ್ಲ ಕಣಮ್ಮ," ಎಂದರು.